ಕಾಲಡಿಯ ಕಲ್ಲನ್ನು ಓದಲು ಕಲಿಯೋಣ

ವಯಸ್ಕರ ಶಿಕ್ಷಣ ಎಂದೊಡನೆ ನಮಗೆ ನೆನಪಾಗುವುದು ಲಾಟೀನು, ಸ್ಲೇಟು ಮತ್ತು ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿತ ಹಿರಿಯರು. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ ಅದರ ನಂತರ ಬಂದ ಸಾಕ್ಷರತಾ ಆಂದೋಲನವೂ ಆ ಕೆಲಸ ಮಾಡಿದವು. ಆದರೆ ಅಕ್ಷರ ಬಂದವರಿಗೆ ಕಲಿಕೆ ಮುಗಿಯಿತೆ? ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿಯೇ ಅಧ್ಯಾಪಕರನ್ನು ಊರುಗಳಿಗೆ ಕಳುಹಿಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸಿತು. ಇಂಗ್ಲೆಂಡಿನಲ್ಲಿ 1903ರಲ್ಲಿ ಹುಟ್ಟಿದ ಕಾರ್ಮಿಕರ ಶಿಕ್ಷಣ ಸಂಘವು ದುಡಿಯುವ ಜನರಿಗಾಗಿ ನಡೆಸಿಕೊಂಡು ಬಂದ ತರಗತಿಗಳಲ್ಲಿ ಭೂವಿಜ್ಞಾನವೂ ಒಂದು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಬೆಳೆಗಾರರಿಗಾಗಿ ಅಂಥದೊಂದು ತರಗತಿಯನ್ನು ನಮ್ಮ ಸಂಘವೇ ನಡೆಸಬೇಕು ಎಂಬುದು ನಮ್ಮ ಅಭಿಪ್ರಾಯ.

"ಕಲ್ಲಿನ ವಿಷಯ ತಿಳಿದರೆ ಚಾಲಿಯ ಧಾರಣೆ ಏರುತ್ತದೆಯೆ?" ಎಂದು ಸದಸ್ಯರು ಕೇಳಬಹುದು. ಏರುವುದಿಲ್ಲ. ಆದರೆ ಧಾರಣೆ ಏರಿದಾಗ ಮಾರಲು ತೋಟ ಇರಬೇಕಷ್ಟೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಅಡಿಕೆ ತೋಟಗಳು ಮಣ್ಣುಪಾಲಾದವು. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿದ್ದನ್ನು ಯಾರೂ ಮರೆತಿಲ್ಲ. ಒಂದೊಂದು ಕುಸಿತಕ್ಕೂ ಅದರದೇ ಕಾರಣಗಳಿರುತ್ತವೆ. ಆದರೆ ಗುಡ್ಡದ ಒಳಗೆ ಏನಿದೆ ಎಂಬುದನ್ನು ಅದರ ಬುಡದಲ್ಲಿ ಬಾಳುವ ನಾವು ತಿಳಿದಿರಬೇಡವೆ?

ಬಾವಿ ತೋಡಿಸಿದವರಿಗೆ ಇದರ ಮೊದಲ ಪಾಠ ಆಗಲೇ ಆಗಿದೆ. ನಮ್ಮ ಕಡೆಯ ಬಹಳ ಗುಡ್ಡಗಳಲ್ಲಿ ಮೇಲೆ ಗಟ್ಟಿ ಚಿರೆಕಲ್ಲು, ಕೆಳಗೆ ಮೆತ್ತನೆಯ ಚಿರೆ, ಅದರಡಿ ನುಣುಪಾದ ಶೇಡಿ ಮಣ್ಣು, ಕೊನೆಗೆ ಕರಿಬಂಡೆ. ಚಿರೆಕಲ್ಲಿನಲ್ಲಿ ತೂತುಗಳು ಹೇರಳ. ಮಳೆನೀರು ಸಲೀಸಾಗಿ ಇಳಿಯುತ್ತದೆ. ಶೇಡಿ ಮಾತ್ರ ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ತಡೆದ ನೀರು ಪಕ್ಕಕ್ಕೆ ಸರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಡುತ್ತದೆ. ನಮ್ಮ ಹಿರಿಯರು ಗುಡ್ಡದ ಬುಡದ ಕಣಿವೆಗಳನ್ನೇ ಹುಡುಕಿ ತೋಟ ಎಬ್ಬಿಸಿದ್ದು ಈ ನೀರನ್ನು ನಂಬಿ. ಅದೇ ನೀರು ಆಟಿಯ ಮಳೆಗೆ ವಿಪರೀತವಾದಾಗ ಶೇಡಿಯನ್ನು ಸಾಬೂನಿನಂತೆ ಜಾರಿಸುತ್ತದೆ. ಅಂಥ ಗುಡ್ಡದ ಪಾದವನ್ನು ಮನೆಗೋ ರಸ್ತೆಗೋ ಜೆಸಿಬಿಯಿಂದ ನೇರವಾಗಿ ಕತ್ತರಿಸಿದರೆ ಮೇಲಿನದಕ್ಕೆ ಆಧಾರವೇ ಇಲ್ಲ. ತೋಟಕ್ಕೆ ಉಣಿಸುವ ನೀರೇ ತೋಟವನ್ನು ಹೂಳಬಲ್ಲದು.

ಇಂಗುಗುಂಡಿಯ ವಿಷಯವೂ ಹಾಗೆಯೇ. ಸಮತಟ್ಟಾದ ಬೇಣದಲ್ಲಿ ಅದು ವರ. ಶೇಡಿಯ ಮೇಲಿನ ಕಡಿದಾದ ಇಳಿಜಾರಿನಲ್ಲಿ, ಮನೆಯ ನೆತ್ತಿಯ ಮೇಲೆ ತೋಡಿದರೆ ಅಪಾಯ. ಗುಂಡಿ ಒಳ್ಳೆಯದೋ ಕೆಟ್ಟದ್ದೋ ಎಂದು ಸಭೆಯಲ್ಲಿ ಗಂಟೆಗಟ್ಟಲೆ ವಾದಿಸುವ ಬದಲು ಯಾವ ಮಣ್ಣಿನಲ್ಲಿ, ಎಷ್ಟು ಇಳಿಜಾರಿನಲ್ಲಿ ಎಂದು ನೋಡಲು ಕಲಿಯುವುದು ಲೇಸು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 2014ರಿಂದ ಭೂಕುಸಿತದ ಸಂಭವವನ್ನು ತೋರಿಸುವ ನಕಾಶೆಗಳನ್ನು ತಯಾರಿಸುತ್ತ ಬಂದಿದೆ. ನಕಾಶೆಯನ್ನು ಓದಬಲ್ಲ ನಾಲ್ಕು ಜನ ಪ್ರತಿ ಊರಿನಲ್ಲಿ ಬೇಕು.

ಅಪಾಯಕ್ಕಾಗಿಯೇ ಕಲಿಯಬೇಕೆಂದಿಲ್ಲ, ಸಂತೋಷಕ್ಕೂ ಕಲಿಯಬಹುದು. ಚಿರೆಕಲ್ಲಿಗೆ ಜಗತ್ತಿನ ವಿಜ್ಞಾನವು ಲ್ಯಾಟರೈಟ್ ಎಂದು ಹೆಸರಿಟ್ಟಿದೆ. ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್; ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ವರ್ಣಿಸಿದ ಅವರ ಗ್ರಂಥ 1807ರಲ್ಲಿ ಅಚ್ಚಾಯಿತು. ಅದೇ ಪ್ರವಾಸದಲ್ಲಿ ಅವರು 1801ರ ಆರಂಭದಲ್ಲಿ ನಮ್ಮ ಕರಾವಳಿಯನ್ನೂ ಹಾದುಹೋದರು. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿಗೆ ಅವರು ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ಹೆಸರು ಕಟ್ಟಿದರು. ನಮ್ಮ ಜಂಬಿಟ್ಟಿಗೆಯಲ್ಲಿರುವುದೂ ಅದೇ ಇಟ್ಟಿಗೆ!

ಇನ್ನು ಜೀವಾವಶೇಷಗಳು. ತಮಿಳುನಾಡಿನ ಅರಿಯಲೂರಿನಂತೆ ನಮ್ಮ ಕರಿಬಂಡೆಯಲ್ಲಿ ಶಂಖದಂಥ ಪ್ರಾಣಿಗಳ ಅಚ್ಚು ಸಿಗುವುದಿಲ್ಲ; ಪ್ರಾಣಿಗಳು ಹುಟ್ಟುವುದಕ್ಕೂ ಬಹಳ ಹಿಂದಿನ ಕಲ್ಲು ನಮ್ಮದು. ಅಂಥ ಪುರಾತನ ಕಾಲದ ಜೀವದ ಗುರುತು ಬೇಕಿದ್ದರೆ ಅಡಿಕೆ ವ್ಯಾಪಾರಕ್ಕೆ ಹೆಸರಾದ ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಕಡೆ ಹೋಗಬೇಕು. ಅಲ್ಲಿನ ಸುಣ್ಣಕಲ್ಲಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಅವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ನಮ್ಮಲ್ಲಿ ಕುಮಟಾದ ಯಾಣವೂ ಸುಣ್ಣಕಲ್ಲೇ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ಆ ರೂಪಕ್ಕೆ ತಂದದ್ದು ಕಲ್ಲನ್ನು ಕರಗಿಸುತ್ತ ಬಂದ ಮಳೆ. ಭಸ್ಮಾಸುರನ ಕಥೆ ಹೇಳುವ ಬಾಯಿಯಿಂದಲೇ ಇದನ್ನೂ ಮಕ್ಕಳಿಗೆ ಹೇಳಬಹುದು. ಅಘನಾಶಿನಿಯ ಅಳಿವೆಯಲ್ಲಿ ಕೆಸರಿನಡಿ ಹುದುಗಿದ ಹಳೆಯ ಬಳಚಿನ ಚಿಪ್ಪುಗಳ ರಾಶಿ ಇದೆ. ಚಿಪ್ಪು ಸುಟ್ಟರೆ ಸುಣ್ಣ. ಯಾಣದ ಶಿಖರ, ಅಳಿವೆಯ ಚಿಪ್ಪು, ಕವಳದ ಸುಣ್ಣ, ಬೋರ್ಡೋ ದ್ರಾವಣದ ಸುಣ್ಣ ಎಲ್ಲವೂ ಒಂದೇ ಕುಲದವು.

ಬೋರ್ಡೋ ಎಂದಾಗ ಇನ್ನೊಂದು ಮಾತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಂದು ಕೊನೆಗೌಡನಿಗೂ ಬಾಯಿಪಾಠ. ಲೆಸ್ಲಿ ಕೋಲ್ಮನ್ ಅವರು ಮೈಸೂರು ಸೀಮೆಯಲ್ಲಿ ಕೊಳೆರೋಗದ ಅಭ್ಯಾಸ ನಡೆಸಿ 1910ರಲ್ಲಿ ವರದಿ ಪ್ರಕಟಿಸಿದರು. ಬೆಳೆಗಾರರು ರಸಾಯನಶಾಸ್ತ್ರದ ಪದವಿ ಪಡೆದು ಇದನ್ನು ಕಲಿಯಲಿಲ್ಲ. ತೋಟದಲ್ಲಿ ನಿಂತು, ನೋಡಿ, ಮಾಡಿ ಕಲಿತರು. ಭೂವಿಜ್ಞಾನವನ್ನೂ ಹಾಗೆಯೇ ಕಲಿಯಲಾದೀತು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಕೊಯ್ಲು, ಸುಲಿತ ಮುಗಿದು ಬಾವಿಯ ನೀರು ತಳ ಕಾಣುವ ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಆರು ಭಾನುವಾರ. ಎರಡು ದಿನ ಸಂಘದ ಸಭಾಭವನದಲ್ಲಿ ಪಾಠ, ಕನ್ನಡದಲ್ಲಿಯೇ. ಮೂರು ದಿನ ಚಿರೆಕಲ್ಲಿನ ಕ್ವಾರಿ, ಯಾಣ, ಅಳಿವೆ. ಒಂದು ದಿನ ಮಲ್ಪೆಯ ಸಮೀಪದ ಸೇಂಟ್ ಮೇರಿ ದ್ವೀಪ. ಭಾರತವು ಮಡಗಾಸ್ಕರಿನಿಂದ ಬೇರೆಯಾದ ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಕಲ್ಲುಕಂಬಗಳು ಅಲ್ಲಿವೆ. ಮಳೆ ಹಿಡಿದ ಮೇಲೆ ಒಮ್ಮೆ ಎಲ್ಲರೂ ಸೇರಿ ತಮ್ಮ ಗುಡ್ಡ ಸುತ್ತಿ ಬರಬೇಕು: ನೆತ್ತಿಯಲ್ಲಿ ಬಿರುಕು ಬಿಟ್ಟಿದೆಯೆ, ಮರಗಳು ವಾಲಿವೆಯೆ, ತಿಳಿಯಾಗಿದ್ದ ಒರತೆ ಹಠಾತ್ತನೆ ಕದಡಿದೆಯೆ? ಪಾಠ ಹೇಳಲು ಕಾಲೇಜಿನ ಅಧ್ಯಾಪಕರು ಬರಲಿ. ಅವರ ಪಕ್ಕದಲ್ಲಿ ಬಾವಿ ತೋಡುವವರೂ ಚಿರೆ ಕಡಿಯುವವರೂ ಬಳಚು ಹೆಕ್ಕುವ ಹೆಂಗಸರೂ ಗುರುಸ್ಥಾನದಲ್ಲಿ ಕೂರಲಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕಲ್ಲಿನ ವಿಷಯದಲ್ಲಾದರೂ ಸುಳ್ಳು ಮಾಡೋಣ.

ಖರ್ಚು ದೊಡ್ಡದಲ್ಲ, ಸಂಘದ ಶಿಕ್ಷಣ ನಿಧಿ ಇರುವುದು ಇಂಥದಕ್ಕೇ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಮಂಡಿಸಲಿದ್ದೇವೆ. ಸದಸ್ಯ ಬಾಂಧವರು ತಮ್ಮ ಅಭಿಪ್ರಾಯವನ್ನು, ಬರಲಿಚ್ಛಿಸುವವರು ತಮ್ಮ ಹೆಸರನ್ನು ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.