ಮನೆಯ ಬೆಕ್ಕೂ ಹಿತ್ತಲಿನ ಹಾವುರಾಣಿಯೂ

ಬೆಕ್ಕು ಇಲಿಯನ್ನು ಹಿಡಿದ ದಿನ ನಾವು ಅದನ್ನು ಹೊಗಳುತ್ತೇವೆ. ಹಾವುರಾಣಿಯನ್ನು ಕಚ್ಚಿಕೊಂಡು ಬಂದ ದಿನವೂ ಹೊಗಳುತ್ತೇವೆ. ಈ ಎರಡನೆಯ ಹೊಗಳಿಕೆಯು ಸಲ್ಲದೆಂಬದೇ ನಮ್ಮ ಅಭಿಪ್ರಾಯವು.

ಹಾವುರಾಣಿ ಕಚ್ಚಿದರೆ ಮನುಷ್ಯನು ಬದುಕನೆಂಬ ಮಾತು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದು ಸುಳ್ಳು. ಹಾವುರಾಣಿಗಾಗಲಿ, ಗೋಡೆಯ ಹಲ್ಲಿಗಾಗಲಿ, ಬೇಲಿಯ ಓತಿಕೇತನಿಗಾಗಲಿ ಮನುಷ್ಯನನ್ನು ಕೊಲ್ಲುವ ವಿಷವಿಲ್ಲ. ಗಂಡು ಓತಿಯ ಕತ್ತು ಕೆಂಪಾಗುವದು ಜೋಡಿಯಾಗುವ ಕಾಲದ ಲಕ್ಷಣವೇ ಹೊರತು ಯಾರ ರಕ್ತವನ್ನೂ ಹೀರಿದ್ದರಿಂದಲ್ಲ. ಇವು ತಿನ್ನುವದು ಹೆಚ್ಚಾಗಿ ಜಿರಲೆ, ಮಿಡತೆ, ಗೆದ್ದಲುಗಳನ್ನು. ಶಾಲೆಯಲ್ಲಿ ಜೀವಶಾಸ್ತ್ರವನ್ನು ಓದಿ ಹೋದ ತಾಯಂದಿರೂ ತಮ್ಮ ಮಕ್ಕಳಿಗೆ ಆ ಹಳೆಯ ಮಾತನ್ನೇ ಹೇಳಿಕೊಡುವದು ನಮಗೆ ಸೋಜಿಗವಾಗಿದೆ.

ಬೆಕ್ಕಿನ ಪಂಜಕ್ಕೆ ಸಿಕ್ಕಿದ ಹಲ್ಲಿ ಹಾವುರಾಣಿಗಳು ಬಾಲವನ್ನು ಕಳಚಿ ಓಡುತ್ತವೆ. ನೆಲದ ಮೇಲೆ ಮಿಡುಕುವ ಆ ತುಂಡನ್ನು ಕಂಡು ಮಕ್ಕಳು ನಗುವರು, ದೊಡ್ಡವರೂ ನಗುವದುಂಟು. ಮತ್ತೆ ಬೆಳೆಯುವದಲ್ಲಾ ಎನ್ನುವರು. ಬೆಳೆಯುವದು ನಿಜ, ಆದರೆ ಹೊಸ ಬಾಲದೊಳಗೆ ಎಲುಬಿರದೆ ಮೆತುವಾದ ಮೃದ್ವಸ್ಥಿ ಮಾತ್ರವಿರುವದು. ಹಳೆಯದರಲ್ಲಿ ಕೂಡಿಟ್ಟ ಕೊಬ್ಬೂ ಹೋಯಿತು. ಕಣಜವನ್ನೇ ಕಳ್ಳನಿಗೆ ಬಿಟ್ಟು ಪ್ರಾಣ ಉಳಿಸಿಕೊಂಡ ಒಕ್ಕಲಿಗನ ಸ್ಥಿತಿ ಅದರದು. ಓತಿಕೇತನಿಗಂತೂ ಈ ಉಪಾಯವೂ ಇಲ್ಲ.

ಬೆಕ್ಕನ್ನು ದೂರಲಾಗದು, ಬೇಟೆಯು ಅದರ ಸ್ವಭಾವ. ಆದರೆ ಕಾಡಿನ ಬೇಟೆಗಾರ ಪ್ರಾಣಿಯು ಬೇಟೆ ಕಡಿಮೆಯಾದಾಗ ತಾನೂ ಹಸಿದು ಕಡಿಮೆಯಾಗುವದು. ನಮ್ಮ ಬೆಕ್ಕಿಗೆ ಹಾಲೂ ಮೀನೂ ತಪ್ಪುವದಿಲ್ಲವಾದ್ದರಿಂದ, ಹಿತ್ತಲಿನ ಕೊನೆಯ ಹಾವುರಾಣಿ ಮುಗಿದರೂ ಅದಕ್ಕೆ ಕೊರತೆಯಿಲ್ಲ. ಆದಕಾರಣ ಹೊಣೆಯು ಅನ್ನವಿಕ್ಕುವವರದು. ಸತ್ಯವೇದದ ಜ್ಞಾನೋಕ್ತಿಗಳ 30ನೆಯ ಅಧ್ಯಾಯದಲ್ಲಿ ಚಿಕ್ಕವಾದರೂ ಜ್ಞಾನವುಳ್ಳ ನಾಲ್ಕು ಜೀವಿಗಳೊಳಗೆ ಹಲ್ಲಿಯೂ ಒಂದೆಂದು ಎಣಿಸಿದೆಯೆಂಬದನ್ನು ಅವರು ನೆನೆಯಲಿ.

ಇಂಗ್ಲೆಂಡಿನಲ್ಲಿ 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮಾಂಸ ಹೆಚ್ಚಾಗಿರುವ ಆಹಾರವನ್ನು ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆಯು ನೂರಕ್ಕೆ 36ರಷ್ಟೂ, ದಿನಕ್ಕೆ 5ರಿಂದ 10 ನಿಮಿಷ ಆಟವಾಡಿಸಿದಾಗ 25ರಷ್ಟೂ ಕಡಿಮೆಯಾಯಿತು. ಅಲ್ಲಿಯ ಬೇಟೆ ಹೆಚ್ಚಾಗಿ ಇಲಿ ಹಕ್ಕಿಗಳಾದರೂ ಪ್ರಯತ್ನಕ್ಕೆ ಖರ್ಚೇನು? ಕೊರಳ ಗಂಟೆಯಿಂದ ಮಾತ್ರ ಅಲ್ಲಿ ಹೇಳತಕ್ಕ ಫಲ ಕಾಣಲಿಲ್ಲ. ಬೆಕ್ಕಿನ ಹಿತವೂ ಇದರಲ್ಲಿಯೇ ಇದೆ. ಉಷ್ಣದೇಶಗಳಲ್ಲಿ ಹಲ್ಲಿಯನ್ನು ತಿಂದ ಬೆಕ್ಕಿನ ಪಿತ್ತನಾಳಗಳಲ್ಲಿ ಒಂದು ಬಗೆಯ ಚಪ್ಪಟೆ ಹುಳು ಸೇರಿ, ವಾಂತಿಯನ್ನೂ ಕಾಮಾಲೆಯನ್ನೂ ಉಂಟುಮಾಡುವದುಂಟು.

ಹಾವುರಾಣಿಯು ಬಿಸಿಲು ಕಾಯಲು ಬರುವ ಹೊತ್ತಿನಲ್ಲಿ ಬೆಕ್ಕನ್ನು ಒಳಗಿರಿಸಿರಿ; ಹಿತ್ತಲ ಮೂಲೆಯ ಕಲ್ಲುರಾಶಿಯನ್ನು ಕದಲಿಸದೆ ಬಿಡಿರಿ.