ಲೈನಿನ ಮನೆಯೂ ಮನೆಯೇ



ಮತದಾರರ ಪಟ್ಟಿ ಶುದ್ಧವಾಗಿರಬೇಕು ಎಂಬ ಮಾತಿಗೆ ನಮ್ಮ ವಿರೋಧವಿಲ್ಲ. ಸತ್ತವರ ಹೆಸರಿನಲ್ಲಿ ಓಟು ಬಿದ್ದರೆ, ಒಬ್ಬನೇ ಎರಡು ಊರಿನಲ್ಲಿ ಓಟು ಹಾಕಿದರೆ, ಮೋಸ ಹೋಗುವವರು ಬದುಕಿರುವ ಬಡವರೇ. ಆದರೆ ಆ ಶುದ್ಧಿಯ ಭಾರವನ್ನು ಯಾರು ಹೊರಬೇಕು? ಸರ್ಕಾರವೋ, ಅಥವಾ ಒಂದು ದಿನ ಕೆಲಸ ತಪ್ಪಿದರೆ ಆ ದಿನದ ಹಾಜರಿ ಕಳೆದುಕೊಳ್ಳುವ ತೋಟದ ಕೂಲಿಯೋ? ನಮ್ಮ ತಕರಾರು ಇರುವುದು ಇಲ್ಲಿ.

2025ರ ಜೂನ್‌ನಲ್ಲಿ ಚುನಾವಣಾ ಆಯೋಗವು ಬಿಹಾರದಲ್ಲಿ ವಿಶೇಷ ತೀವ್ರ ಪರಿಷ್ಕರಣೆಗೆ ಆಜ್ಞೆ ಮಾಡಿತು. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಯಾರ ಹೆಸರು ಹೋಯಿತು, ಏಕೆ ಹೋಯಿತು ಎಂದು ಪ್ರಕಟಿಸಿರಿ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ನವೆಂಬರ್ 4ರಿಂದ ಅದೇ ಕೆಲಸ ತಮಿಳುನಾಡು, ಕೇರಳಗಳಲ್ಲೂ ನಡೆಯಿತು. ಡಿಸೆಂಬರ್ 19ರ ತಮಿಳುನಾಡಿನ ಕರಡಿನಲ್ಲಿ ಸುಮಾರು 97 ಲಕ್ಷ ಹೆಸರು ಬಿಟ್ಟುಹೋದವು. ಅವರಲ್ಲಿ ಸತ್ತವರು ಸುಮಾರು 27 ಲಕ್ಷ. ಸುಮಾರು 66 ಲಕ್ಷ ಮಂದಿಯನ್ನು ಸ್ಥಳ ಬಿಟ್ಟವರು, ಇಲ್ಲವೆ ಮನೆಯಲ್ಲಿ ಸಿಗದವರು ಎಂದು ಬರೆದರು.

ಸಿಗದವರು! ಬೆಳಿಗ್ಗೆ ಹತ್ತು ಗಂಟೆಗೆ ಲೈನಿಗೆ ಬಂದು ಬಾಗಿಲು ತಟ್ಟಿದರೆ ಸಿಗುವವರು ಯಾರು? ತಾಯಿ ಚಿಗುರು ಕೀಳಲು ಗುಡ್ಡದ ಮೇಲೆ, ತಂದೆ ಫ್ಯಾಕ್ಟರಿಯಲ್ಲಿ, ಮಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ. ಅಧಿಕಾರಿ ಮೂರು ಸಲ ಬರಬೇಕೆಂಬ ನಿಯಮವೇನೋ ಇತ್ತು. ಮೂರು ಸಲವೂ ಕೆಲಸದ ಹೊತ್ತಿಗೇ ಬಂದರೆ ಮೂರು ಸಲವೂ ಕಾಣುವುದು ಬೀಗವೇ.

ಹೆಸರು ಬಿಟ್ಟವರು ನಮೂನೆ 6 ಕೊಡಬಹುದಲ್ಲ ಎನ್ನುತ್ತಾರೆ. ಕೊಡಬಹುದು. ಆದರೆ ಬೆಟ್ಟ ಇಳಿದು ಕಚೇರಿಗೆ ಹೋಗುವ ಬಸ್ ಚಾರ್ಜು, ಆ ದಿನದ ಕೂಲಿ, ಓದಲು ಬಾರದ ಲಿಪಿಯ ಫಾರಂ ತುಂಬಿಸಿಕೊಳ್ಳಲು ಇನ್ನೊಬ್ಬರ ಕೈಕಾಲು ಹಿಡಿಯುವುದು, ಇವೆಲ್ಲ ಯಾರ ಲೆಕ್ಕಕ್ಕೆ?

ಕಾನೂನು ನಮ್ಮ ಕಡೆಗಿದೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಒಂದು ಊರಿನಲ್ಲಿ ಸಾಮಾನ್ಯವಾಗಿ ವಾಸಿಸುವವನಿಗೆ ಅಲ್ಲಿ ಓಟು. ಸ್ವಂತ ಮನೆ ಬೇಕೆಂದು ಅದು ಕೇಳುವುದಿಲ್ಲ. ಮನೆ ಇದ್ದ ಮಾತ್ರಕ್ಕೆ ಆತ ಅಲ್ಲಿಯವನೆಂದು ಒಪ್ಪುವುದೂ ಇಲ್ಲ. ಕೆಲವು ಕಾಲ ಹೊರಗೆ ಹೋದ ಮಾತ್ರಕ್ಕೆ ವಾಸ ತಪ್ಪುವುದಿಲ್ಲ ಎಂದು 20ನೆಯ ಕಲಮೇ ಹೇಳುತ್ತದೆ. ಹಾಗಿರುವಾಗ ಲೈನು ತೋಟದ ಧಣಿಯದಾದರೇನು? ಅದರಲ್ಲಿ ಬಾಳುತ್ತಿರುವವರು ನಾವು.

ಹಳೆಯ ಪಟ್ಟಿಯಲ್ಲಿ ನಿನ್ನ ಹೆಸರನ್ನೋ ಹೆತ್ತವರ ಹೆಸರನ್ನೋ ತೋರಿಸು ಎಂದು ಈ ಪರಿಷ್ಕರಣೆಯಲ್ಲಿ ಕೇಳಿದರು. ಹೆತ್ತವರ ಕಾಗದ ಕೇಳುವುದು ತೋಟದವರಿಗೆ ಹೊಸದಲ್ಲ. ಸಿಲೋನಿನಿಂದ ನೀಲಗಿರಿಗೆ ಬಂದು ನೆಲೆಸಿದ ನೆರೆಯವರನ್ನು ಕೇಳಿ ನೋಡಿರಿ. 1947ರಲ್ಲಿ ಅಲ್ಲಿನ ತೋಟದ ಕೂಲಿಗಳ ಓಟಿನ ಬಲದಿಂದ ಸಿಲೋನ್ ಇಂಡಿಯನ್ ಕಾಂಗ್ರೆಸ್ಸಿನವರು ಪಾರ್ಲಿಮೆಂಟಿಗೆ ಹೋದರು. 1948ರ ಪೌರತ್ವ ಕಾಯ್ದೆಯು ನಿನ್ನ ತಂದೆ ಇಲ್ಲೇ ಹುಟ್ಟಿದನೆಂದು ರುಜುವಾತು ಮಾಡು ಎಂದಿತು. ಲೈನಿನಲ್ಲಿ ಹುಟ್ಟಿದವನಿಗೆ ಆ ಕಾಗದ ಎಲ್ಲಿಂದ ಬರಬೇಕು? ಮರುವರ್ಷ ಓಟೂ ಹೋಯಿತು. 1964ರ ಒಪ್ಪಂದದಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಅವರೂ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ ಎಂದು ಪಾಲು ಮಾಡಿದರು. ಓಟಿಲ್ಲದ ಜನರ ಇಷ್ಟವನ್ನು ಯಾರು ಕೇಳಿದರು? ಇಲ್ಲಿ ನಡೆದದ್ದೂ ಅದೇ ಎಂದು ನಾವು ಹೇಳುವುದಿಲ್ಲ. ಕಾಗದವಿಲ್ಲವೆಂದು ಓಟು ಕಳೆದುಕೊಂಡ ಕೂಲಿಗೆ ಏನು ಗತಿಯಾಗುತ್ತದೆ ಎಂಬುದನ್ನು ತೋಟದವರು ಮರೆಯಬಾರದು, ಅಷ್ಟೇ.

ಆದುದರಿಂದ ನಾವು ಕೇಳುವುದು ಇಷ್ಟು. ಪಟ್ಟಿ ತಿದ್ದಲು ಬರುವವರು ಲೈನಿಗೆ ಸಂಜೆಯೋ ಭಾನುವಾರವೋ ಬರಲಿ. ತೆಗೆಯಲಿರುವ ಹೆಸರುಗಳನ್ನು ಕಾರಣಸಹಿತ ಹಾಜರಿ ಕೂಗುವ ಸ್ಥಳದಲ್ಲಿ, ನಮಗೆ ಓದಲು ಬರುವ ಲಿಪಿಯಲ್ಲಿ ಅಂಟಿಸಲಿ. ನೋಟೀಸು ಕೈಗೆ ಮುಟ್ಟದೆ, ಮಾತು ಕೇಳದೆ ಯಾರ ಹೆಸರನ್ನೂ ಹೊಡೆಯದಿರಲಿ. ವಿಚಾರಣೆಗೆ ಕರೆದ ದಿನದ ಕೂಲಿ ಕಡಿಯದಿರಲಿ. ಮತದಾನದ ದಿನ ದಿನಗೂಲಿಯವರಿಗೂ ಸಂಬಳಸಹಿತ ರಜೆ ಕೊಡಬೇಕೆಂದು 1951ರ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ತಪ್ಪಿದ ಧಣಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಇದು ದಂಡವೋ, ರಿಯಾಯಿತಿಯೋ? ಅದನ್ನೂ ಏರಿಸಲಿ.

ಅವರು ಕೊಡುವ ತನಕ ನಾವು ಸುಮ್ಮನೆ ಕುಳಿತಿರಬಾರದು. ಪ್ರತಿ ಲೈನಿನಲ್ಲೂ ಓದುಬರಹ ಬಲ್ಲ ಇಬ್ಬರು ಪಟ್ಟಿ ಹಿಡಿದು ಮನೆ ಮನೆಗೆ ಹೋಗಲಿ. 18 ತುಂಬಿದವರಿಗೆ ನಮೂನೆ 6, ತೋಟ ಬದಲಿಸಿದವರಿಗೆ ನಮೂನೆ 8 ತುಂಬಿಸಿರಿ. ಕೊಟ್ಟ ಫಾರಮಿಗೆ ರಸೀದಿ ಕೇಳಿ, ರೇಷನ್ ಕಾರ್ಡಿನ ಜೊತೆಯಲ್ಲೇ ಜೋಪಾನವಾಗಿಡಿರಿ.