ನೇಮಕಾತಿಯಲ್ಲಿ ಯಂತ್ರಬುದ್ಧಿ ಮತ್ತು ಸತ್ಯಶುದ್ಧ ಕಾಯಕ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಉದ್ಯೋಗದ ಅರ್ಜಿ ಬರೆಯುವ ರೀತಿಯೇ ಬದಲಾಗಿದೆ. ಆನ್‌ಲೈನ್ ಸಂದರ್ಶನದಲ್ಲಿಯೂ ಕೆಲವರು ಯಂತ್ರ ಒದಗಿಸಿದ ಉತ್ತರವನ್ನೇ ಓದಿ ಒಪ್ಪಿಸುತ್ತಿದ್ದಾರೆ. ಕನಿಷ್ಠ ಒಂದು ಸುತ್ತಿನ ಸಂದರ್ಶನವನ್ನು ಮುಖಾಮುಖಿಯಾಗಿ ನಡೆಸುವುದಾಗಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ 2025ರಲ್ಲಿ ಹೇಳಬೇಕಾಯಿತು.

ಕನ್ನಡ ಮಾಧ್ಯಮದಲ್ಲಿ ಕಲಿತ ಗ್ರಾಮೀಣ ಯುವಜನರು ಇಂಗ್ಲಿಷ್ ಅರ್ಜಿಯ ಭಾಷೆಯನ್ನು ಯಂತ್ರದಿಂದ ತಿದ್ದಿಸಿಕೊಂಡರೆ ಅದು ದೋಷವಲ್ಲ. ಆದರೆ ತಮಗಿಲ್ಲದ ಅನುಭವವನ್ನು ಬರೆಯಿಸಿಕೊಂಡು ಪಡೆದ ಹುದ್ದೆ, ಅರ್ಹರಾದ ಇನ್ನೊಬ್ಬರ ಅನ್ನವನ್ನು ಕಸಿದಂತೆ. ಯಂತ್ರದ ನೆರವಿಗೆ ಎಲ್ಲಿಯವರೆಗೆ ಅನುಮತಿಯಿದೆ ಎಂಬುದನ್ನು ಸಂಸ್ಥೆಗಳೂ ಮೊದಲೇ ತಿಳಿಸಬೇಕು.

ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದವರು ಶರಣೆ ಆಯ್ದಕ್ಕಿ ಲಕ್ಕಮ್ಮನವರು. ಅರ್ಜಿಯ ಪ್ರತಿಯೊಂದು ಸಾಲನ್ನೂ ಯಂತ್ರದ ನೆರವಿಲ್ಲದೆ ವಿವರಿಸಲಾಗದಿದ್ದರೆ, ಆ ಸಾಲು ನಮ್ಮದಲ್ಲ. ಅದನ್ನು ಅಳಿಸಿಹಾಕುವುದೇ ಇಂದಿನ ಸತ್ಯಶುದ್ಧ ಕಾಯಕ.